ಸವಳು ನೀರಿಗೆ ಒಗ್ಗುವ ಮೀನು: ಮನೆಯಲ್ಲೇ ಸಾಕಿ ಮರಿ ಮಾಡಿಸುವುದು ಹೇಗೆ?

ನಮ್ಮ ಬಚ್ಚಲಲ್ಲಿ ಅಜ್ಜಿ ಕಾಲದ ತಾಮ್ರದ ಹಂಡೆ ಇದೆ. ಒಳಗೆ ಕೈ ಹಾಕಿ ಸವರಿದರೆ ಬೆರಳಿಗೆ ಒರಟು ಒರಟಾಗಿ ಸುಣ್ಣದ ಪದರ ತಾಗುತ್ತದೆ. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಬೋರಿನ ನೀರು ಕಾಯಿಸುವ ಮನೆಗಳಲ್ಲಿ ಇದು ಇದ್ದದ್ದೇ. ಮೀನು ಸಾಕಬೇಕು ಅನ್ನುವವರು ಅಂಗಡಿಗೆ ಹೋಗುವ ಮೊದಲು ಈ ಹಂಡೆ ನೋಡಬೇಕು. ನಿಮ್ಮ ಮನೆಯಲ್ಲಿ ಯಾವ ಮೀನು ಬಾಳುತ್ತದೆ ಅನ್ನುವುದು ಅದರಲ್ಲೇ ಇದೆ.

ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ ತಂದದ್ದು ನಿಯಾನ್ ಟೆಟ್ರಾ. ನೀಲಿ ಗೆರೆ, ಕೆಂಪು ಬಾಲ, ನೋಡಲು ಎಷ್ಟು ಚೆಂದ ಅಂತೀರಿ. ಆದರೆ ಅವು ಅಮೆಜಾನ್ ಕಾಡಿನ ಹಳ್ಳಗಳ ಮೀನು. ಅಲ್ಲಿನ ನೀರು ಮಳೆ ನೀರಿನಷ್ಟು ಮೆತ್ತಗೆ, ಸ್ವಲ್ಪ ಹುಳಿ. ಅವನ್ನು ನಮ್ಮ ಬೋರಿನ ಗಡಸು ನೀರಿಗೆ, ಅಂದರೆ ಸುಣ್ಣದಂಥ ಖನಿಜ ತುಂಬಿದ ಸವಳು ನೀರಿಗೆ ಹಾಕಿದೆ. ಅದೂ ಹೊಸ ಟ್ಯಾಂಕ್, ಒಂದೇ ದಿನ ಹತ್ತು ಮೀನು. ಎರಡನೇ ವಾರಕ್ಕೆ ಒಂದೂ ಉಳಿಯಲಿಲ್ಲ. ಆ ಖಾಲಿ ಟ್ಯಾಂಕಿನ ಮುಂದೆ ಕೂತಿದ್ದು ಈಗಲೂ ನೆನಪಿದೆ. ಹಾಗಾಗಿ ಈ ಲೇಖನವನ್ನು ನೀರಿನಿಂದಲೇ ಶುರು ಮಾಡುತ್ತೇನೆ. ಮೀನಿಗೆ ತಕ್ಕಂತೆ ನೀರು ಬದಲಿಸಲು ಹೋಗಬೇಡಿ. ನೀರಿಗೆ ತಕ್ಕ ಮೀನು ತನ್ನಿ.

ಯಾವ ಮೀನು?

ಮೋಲಿ, ಗಪ್ಪಿ, ಪ್ಲಾಟಿ, ಸ್ವೋರ್ಡ್‌ಟೇಲ್. ಈ ನಾಲ್ಕೂ ಗಡಸು ನೀರಿಗೆ ಒಗ್ಗುತ್ತವೆ. ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದವು. ಗಪ್ಪಿ ದಕ್ಷಿಣ ಅಮೆರಿಕದ ಉತ್ತರ ಭಾಗದ್ದು, ಟ್ರಿನಿಡಾಡ್, ವೆನೆಜುವೆಲಾ ಕಡೆಯದ್ದು. ಮೋಲಿಗಂತೂ ನೀರು ಗಡಸಾಗಿದ್ದರೇ ಮೈ ತುಂಬುವುದು. ಮೆತ್ತಗಿನ ನೀರಿನಲ್ಲಿ ಅದು ಈಜುವುದು ಬಿಟ್ಟು ನಿಂತಲ್ಲೇ ಮೈ ಅಲ್ಲಾಡಿಸುತ್ತಾ ಸೊರಗುತ್ತದೆ. ಇನ್ನೊಂದು ದೊಡ್ಡ ಅನುಕೂಲ ಅಂದರೆ ಈ ನಾಲ್ಕೂ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತವೆ. ಹುಟ್ಟಿದ ಗಳಿಗೆಯಿಂದಲೇ ಮರಿಗೆ ಈಜಲು, ತಿನ್ನಲು ಬರುತ್ತದೆ.

ಮೆತ್ತಗಿನ ನೀರು ಕೇಳುವ ಡಿಸ್ಕಸ್, ನಿಯಾನ್ ಟೆಟ್ರಾ ಸದ್ಯಕ್ಕೆ ಬೇಡ. ಸಕ್ಕರ್ ಮೀನು ಪಾಚಿ ತಿನ್ನುತ್ತದೆ ಅಂತ ಕೈಗಿಡುತ್ತಾರೆ. ಈಗ ಬೆರಳುದ್ದ ಇದ್ದದ್ದು ಮುಂದೆ ಒಂದು ಅಡಿ ದಾಟುತ್ತದೆ. ಅದೂ ಬೇಡ.

ಟ್ಯಾಂಕ್, ಜಾಗ, ಸಾಮಾನು

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ಟ್ಯಾಂಕ್ ಮೊದಲಿಗೆ ಸರಿ. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರೇ 50 ಕೆಜಿ, ಗಾಜು ಮತ್ತು ಉಸುಕಿನ ಭಾರ ಬೇರೆ. ಟೀಪಾಯಿ ಮೇಲೆ ಇಡುವ ವಸ್ತು ಅಲ್ಲ ಇದು. ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಬೇಕು, ಗಾಜಿನ ಕೆಳಗೆ ಥರ್ಮೋಕೋಲ್ ಹಾಳೆ ಹಾಸಬೇಕು. ದುಂಡನೆಯ ಬೌಲ್ ತರಲೇಬೇಡಿ. ಅದರಲ್ಲಿ ನೀರೂ ಕಡಿಮೆ, ಗಾಳಿ ತಾಗುವ ಮೇಲ್ಮೈಯೂ ಕಡಿಮೆ.

ಜಾಗ ಆರಿಸುವಾಗ ನಮ್ಮ ಬೇಸಿಗೆ ನೆನಪಿರಲಿ. ಆರ್‌ಸಿಸಿ ಮನೆಯ ಮೇಲಿನ ಮಹಡಿ, ಪಡುವಣ ಗೋಡೆ, ಬಿಸಿಲು ಬೀಳುವ ಕಿಟಕಿ, ಮೂರೂ ಬೇಡ. ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆ ಇದ್ದವರು ಪುಣ್ಯವಂತರು. ಅಲ್ಲಿ ಮೇ ತಿಂಗಳಲ್ಲೂ ನೀರು ತಣ್ಣಗಿರುತ್ತದೆ.

ಒಂದು ಏರ್ ಪಂಪ್, ಅದರ ಗಾಳಿಯಿಂದಲೇ ನೀರು ಸೋಸುವ ಒಂದು ಸ್ಪಂಜ್ ಫಿಲ್ಟರ್, ಒಂದು ಥರ್ಮಾಮೀಟರ್, ನೀರು ಎಳೆಯಲು ಪೈಪು. ಇಷ್ಟು ಸಾಕು. ಮರಿ ಮಾಡಿಸುವವರಿಗೆ ಸ್ಪಂಜ್ ಫಿಲ್ಟರೇ ಒಳ್ಳೆಯದು. ಬೇರೆ ಫಿಲ್ಟರ್‌ಗಳು ಮರಿಗಳನ್ನು ಒಳಗೆಳೆದುಕೊಂಡು ಬಿಡುತ್ತವೆ. ಏರ್ ಪಂಪನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ.

ತಳಕ್ಕೆ ಹೊಳೆ ಉಸುಕು ಎರಡು ಬೆರಳು ದಪ್ಪ ಸಾಕು. ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ. ಕಲ್ಲು ಇಡುವ ಆಸೆ ಇದ್ದರೆ ಇಂಡಿ ಲಿಂಬೆಯ ರಸ ಎರಡು ಹನಿ ಹಿಂಡಿ ನೋಡಿ. ನೊರೆ ಎದ್ದರೆ ಅದು ಸುಣ್ಣದ ಕಲ್ಲು. ಬಾಗಲಕೋಟೆ, ಲೋಕಾಪುರ ಕಡೆ ಅಂಥ ಕಲ್ಲು ಜಾಸ್ತಿ. ಮೋಲಿಗೆ ಅದರಿಂದ ತೊಂದರೆ ಇಲ್ಲ, ಆದರೆ ನೀರು ಇನ್ನಷ್ಟು ಗಡಸಾಗುತ್ತದೆ.

ಗಿಡ ಹಾಕಲೇಬೇಕು. ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲೂ ಹುಲ್ಲಿನಂತೆ ಹಬ್ಬುತ್ತದೆ. ಜಾವಾ ಮಾಸ್, ಹಾರ್ನ್‌ವರ್ಟ್ ಮರಿಗಳಿಗೆ ಬಚ್ಚಿಟ್ಟುಕೊಳ್ಳುವ ಪೊದೆ. ಕೆರೆಯಿಂದ ಕಿತ್ತು ತಂದ ಗಿಡವನ್ನು ಹಾಗೇ ಹಾಕಬೇಡಿ. ಏರೋಪ್ಲೇನ್ ಚಿಟ್ಟೆಯ ಮರಿಹುಳು ಅದರಲ್ಲಿ ಅಂಟಿಕೊಂಡು ಬರುತ್ತದೆ. ನೀರಿನಲ್ಲಿ ಬೆಳೆಯುವ ಈ ಹುಳು ಮೀನಿನ ಮರಿಗಳನ್ನು ಒಂದೊಂದಾಗಿ ಹಿಡಿದು ತಿನ್ನುತ್ತದೆ.

ನೀರು ಪಳಗಿಸುವುದು

ಇಡೀ ಕೆಲಸದಲ್ಲಿ ಇದೇ ಮುಖ್ಯ. ಹೆಚ್ಚಿನವರು ಸೋಲುವುದೂ ಇಲ್ಲೇ.

ನಳದ ನೀರಾದರೆ ಕ್ಲೋರಿನ್ ಹೋಗಬೇಕು. ಬಾಯಿ ತೆರೆದ ಬಕೆಟ್‌ನಲ್ಲಿ ಒಂದು ದಿನ ಬಿಡಿ, ಅಥವಾ ಕ್ಲೋರಿನ್ ತೆಗೆಯುವ ಹನಿ ಹಾಕಿ. ಬೋರಿನ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಆದರೆ ನೆಲದೊಳಗಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೂ ಒಂದು ರಾತ್ರಿ ಏರ್ ಪಂಪ್ ಹಚ್ಚಿ ಬಿಡಿ. ಬರೀ ಆರ್‌ಒ ನೀರು ತುಂಬಬೇಡಿ. ಶುದ್ಧ ನೀರು, ಒಳ್ಳೆಯದಲ್ವಾ ಅಂತ ಎಷ್ಟೋ ಜನ ಕೇಳುತ್ತಾರೆ. ಅದರಲ್ಲಿ ಖನಿಜಗಳು ತೀರಾ ಕಡಿಮೆ, ಮೋಲಿ ಗಪ್ಪಿಗಳಿಗೆ ಅದು ಆಗಿಬರುವುದಿಲ್ಲ.

ಈಗ ಟ್ಯಾಂಕ್ ತುಂಬಿದೆ, ನೀರು ಕನ್ನಡಿಯ ಹಾಗಿದೆ. ಆದರೂ ಮೀನು ಬಿಡುವಂತಿಲ್ಲ. ಮೀನಿನ ಹೇಲು, ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಮೀನಿನ ಕಿವಿರಿನಿಂದಲೂ ಅಮೋನಿಯಾ ಬರುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯದ್ದಲ್ಲ, ಗಿಡಗಳು ಹೀರಿಕೊಳ್ಳುತ್ತವೆ. ಈ ಎರಡೂ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ, ಉಸುಕಿನಲ್ಲಿ ಮನೆ ಮಾಡಿಕೊಳ್ಳಲು 4ರಿಂದ 6 ವಾರ ಬೇಕು. ಅಲ್ಲಿಯ ತನಕ ಪಂಪ್ ಹಗಲೂ ರಾತ್ರಿ ಓಡಬೇಕು. ದಿನಾ ಒಂದು ಚಿಟಿಕೆ ಮೀನಿನ ಕಾಳು ಖಾಲಿ ಟ್ಯಾಂಕಿಗೆ ಹಾಕುತ್ತಾ ಇರಿ. "ಮೀನs ಇಲ್ಲ, ಯಾರಿಗೆ ಊಟಾ ಹಾಕ್ತಿ ತಮ್ಮಾ?" ಅಂತ ನಮ್ಮ ಓಣಿಯ ಅಜ್ಜಿ ಕೇಳಿದ್ದರು. ಕಣ್ಣಿಗೆ ಕಾಣದ ಆ ಬ್ಯಾಕ್ಟೀರಿಯಾಗಳಿಗೆ ಅಂತ ಹೇಳಿದೆ. ಗೆಳೆಯರ ಹಳೇ ಟ್ಯಾಂಕಿನಿಂದ ಬಳಸಿದ ಸ್ಪಂಜಿನ ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತದೆ.

ನಮ್ಮ ಕಡೆಯವರು ಇದರಲ್ಲಿ ಇನ್ನೂ ಎಚ್ಚರ ಇರಬೇಕು. ನೀರಿನ ಪಿಎಚ್ (ಹುಳಿ, ಕ್ಷಾರ ಅಳೆಯುವ ಲೆಕ್ಕ) 8ರ ಹತ್ತಿರ ಇದ್ದು, ಬಿಸಿಯೂ ಜಾಸ್ತಿ ಇದ್ದರೆ ಅದೇ ಅಮೋನಿಯಾದ ವಿಷ ಹೆಚ್ಚಾಗುತ್ತದೆ. ಗಡಸು ನೀರು, ಬಿಸಿಲು, ನಮ್ಮಲ್ಲಿ ಎರಡೂ ಇವೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದ ಮೇಲೆ ಮೀನು. ಮೊದಲು ಮೂರೇ ಮೀನು, ಒಂದು ಗಂಡು ಎರಡು ಹೆಣ್ಣು.

ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಅಷ್ಟೇ ಬೆಚ್ಚಗಿನ ಹೊಸ ನೀರು ಹಾಕಿ. ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ, ಬ್ಯಾಕ್ಟೀರಿಯಾ ಸಾಯುತ್ತವೆ. ತೆಗೆದ ನೀರಿನಲ್ಲೇ ನಾಲ್ಕು ಸಲ ಹಿಂಡಿ. ಆ ನೀರನ್ನು ತುಳಸಿಗೋ ಮಲ್ಲಿಗೆಗೋ ಹಾಕಿ, ಒಳ್ಳೇ ಗೊಬ್ಬರ.

ಬೇಸಿಗೆಯಲ್ಲಿ ಟ್ಯಾಂಕಿನ ಗಾಜಿನ ಮೇಲೆ ಬಿಳಿ ಗೆರೆ ಮೂಡುತ್ತದೆ. ನೀರು ಆವಿಯಾಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಇಳಿದಷ್ಟಕ್ಕೆ ಮತ್ತೆ ಬೋರಿನ ನೀರೇ ಸುರಿಯುತ್ತಾ ಹೋದರೆ ಗಡಸುತನ ಏರುತ್ತಲೇ ಇರುತ್ತದೆ. ಆವಿಯಾದ ಪಾಲಿಗೆ ಮಾತ್ರ ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಸೇರಿಸಿ.

ಈ ಮೀನುಗಳಿಗೆ 24ರಿಂದ 28 ಡಿಗ್ರಿ ಹಿತ. ಹೊರಗೆ 40 ದಾಟಿದ ದಿನ ಟ್ಯಾಂಕ್ 32 ಮುಟ್ಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಮುಚ್ಚಳ ತೆಗೆದು ಬಲೆ ಹಾಸಿ, ನೀರಿನ ಮೇಲೆ ಅಡ್ಡಲಾಗಿ ಫ್ಯಾನ್ ಗಾಳಿ ಬಿಡಿ. ನಮ್ಮದು ಒಣ ಗಾಳಿ, ಎರಡು ಮೂರು ಡಿಗ್ರಿ ಸುಲಭವಾಗಿ ಇಳಿಯುತ್ತದೆ. ಒಂದು ಮೇ ಮಧ್ಯಾಹ್ನ ಮೂರು ತಾಸು ಕರೆಂಟ್ ಇರಲಿಲ್ಲ. ಲೋಟದಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಸುರಿಯುತ್ತಾ ಕೂತೆ. ಒಂದು ಮೀನೂ ಹೋಗಲಿಲ್ಲ. ಈಗ ಪವರ್ ಬ್ಯಾಂಕಿಗೆ ಸಿಕ್ಕಿಸುವ ಚಿಕ್ಕ ಏರ್ ಪಂಪ್ ಇಟ್ಟಿದ್ದೇನೆ.

ಚಳಿಗಾಲಕ್ಕೆ 50 ವ್ಯಾಟಿನ ಹೀಟರ್ ಸಾಕು. ಸಿದ್ಧೇಶ್ವರ ಜಾತ್ರೆಯ ಹೊತ್ತಿನಲ್ಲಿ ಹಗಲು ಬೆಚ್ಚಗೆ, ರಾತ್ರಿ ಕೊರೆಯುವ ಚಳಿ. ಈ ಏರಿಳಿತಕ್ಕೆ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಏಳುತ್ತದೆ. ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಅಂಗಡಿಯಲ್ಲಿ ಸಿಗುವ ಬಿಳಿ ಚುಕ್ಕೆಯ ಔಷಧಿ ಹಾಕಿ.

ಮರಿ ಮಾಡಿಸುವುದು

ಗಂಡು ಹೆಣ್ಣು ಗುರುತಿಸಲು ಬಣ್ಣ ನೋಡಬೇಡಿ. ಹೊಟ್ಟೆಯ ಕೆಳಗಿನ ಹಿಂದಿನ ರೆಕ್ಕೆ ನೋಡಿ. ಹೆಣ್ಣಿನದು ಬೀಸಣಿಗೆಯಂತೆ ಅಗಲ, ಗಂಡಿನದು ಕಡ್ಡಿಯಂತೆ ಚೂಪು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಗಂಡು ಜಾಸ್ತಿಯಾದರೆ ಹೆಣ್ಣನ್ನು ಬೆನ್ನಟ್ಟಿ ಬೆನ್ನಟ್ಟಿ ಸುಸ್ತು ಮಾಡಿಬಿಡುತ್ತವೆ.

ಬೇರೇನೂ ಮಾಡಬೇಕಾಗಿಲ್ಲ. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಂದು ಸಲ ಗಂಡಿನ ಜೊತೆ ಇದ್ದರೆ ಸಾಕು, ಆ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಒಳಗೆ ಕಾಪಿಟ್ಟುಕೊಂಡು ಮತ್ತೆ ಮತ್ತೆ ಬಸುರಾಗುತ್ತದೆ. ಅಂಗಡಿಯಿಂದ ಒಂಟಿ ಹೆಣ್ಣು ತಂದರೂ ಮರಿ ಬರುವುದು ಅದಕ್ಕೇ.

ದಿನ ಹತ್ತಿರ ಬಂದಾಗ ಬಾಲದ ಬುಡದ ಮುಂದಿನ ಕಪ್ಪು ಚುಕ್ಕೆ ದೊಡ್ಡದಾಗುತ್ತದೆ. ತಿಳಿ ಬಣ್ಣದ ಗಪ್ಪಿಯಾದರೆ ಟಾರ್ಚ್ ಹಿಡಿದು ನೋಡಿ, ಒಳಗೆ ಸಾಸಿವೆಗಿಂತ ಸಣ್ಣ ಕಣ್ಣುಗಳು ಕಾಣುತ್ತವೆ. ಹೊಟ್ಟೆ ಚೌಕವಾಗುತ್ತದೆ. ಹೆಣ್ಣು ಊಟ ಬಿಟ್ಟು ಮೂಲೆ ಸೇರುತ್ತದೆ.

ನಾನು ಮೊದಲ ಸಲ ನೋಡಿದ್ದು ಬೆಳಗಿನ ಜಾವ. ಹೆಣ್ಣು ಮೈ ಒಮ್ಮೆ ಬಿಗಿ ಹಿಡಿಯಿತು. ಕೆಳಗಿನಿಂದ ಮಡಚಿದ ಮರಿಯೊಂದು ಜಾರಿತು, ತಲೆ ಬಾಲ ಕೂಡಿಸಿ ಸುತ್ತಿಟ್ಟ ಹಾಗೆ. ಉಸುಕಿನ ಕಡೆ ಇಳಿಯುತ್ತಾ ಇಳಿಯುತ್ತಾ ಬಿಚ್ಚಿಕೊಂಡಿತು. ಒಂದು ಗಳಿಗೆ ಸುಮ್ನೆ ಬಿದ್ದಿತ್ತು. ಆಮೇಲೆ ಚಿಮ್ಮಿ ಜಾವಾ ಮಾಸಿನೊಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಎಣಿಸುತ್ತಾ ಇಪ್ಪತ್ತಮೂರಕ್ಕೆ ನಿಲ್ಲಿಸಿದೆ, ಅಷ್ಟರಲ್ಲಿ ಬೆಳಕು ಹರಿದಿತ್ತು.

ತಾಯಿಯೇ ಮರಿಗಳನ್ನು ತಿನ್ನುತ್ತದೆ. ಅದಕ್ಕೆಂದೇ ಮಾರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಸುರಿ ಮೀನನ್ನು ದಿನಗಟ್ಟಲೆ ಕೂಡಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಮೀನು ಗಾಬರಿಯಾಗುತ್ತದೆ, ಕೆಲವೊಮ್ಮೆ ಹೊತ್ತಿಗೆ ಮುಂಚೆ ಮರಿ ಹಾಕುತ್ತದೆ. ಗಿಡ ದಟ್ಟವಾಗಿದ್ದರೆ ಎಷ್ಟೋ ಮರಿ ತಾವೇ ಉಳಿಯುತ್ತವೆ. ಎಲ್ಲವೂ ಬೇಕು ಅಂದರೆ ಸ್ಪಂಜ್ ಫಿಲ್ಟರ್ ಇರುವ ಇನ್ನೊಂದು ಚಿಕ್ಕ ಟ್ಯಾಂಕಿಗೆ ಅದೇ ನೀರು ಹಾಕಿ, ಹೆಣ್ಣನ್ನು ಅಲ್ಲಿ ಬಿಡಿ. ಮರಿ ಹಾಕಿದ ಮೇಲೆ ತಾಯಿಯನ್ನು ವಾಪಸ್ ತನ್ನಿ.

ಮರಿಗಳಿಗೆ ದೊಡ್ಡ ಮೀನಿನ ಕಾಳನ್ನೇ ಬೆರಳಲ್ಲಿ ಹಿಟ್ಟು ಮಾಡಿ ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಬೇಯಿಸಿದ ಮೊಟ್ಟೆಯ ಹಳದಿ ಕೊಡಬಹುದು, ಆದರೆ ನೀರು ಬೇಗ ಕೆಡುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಆರ್ಟೀಮಿಯಾ, ಉಪ್ಪು ನೀರಿನಲ್ಲಿ ಬದುಕುವ ಸೀಗಡಿಯಂಥ ಪುಟ್ಟ ಜೀವಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಹಾಕಿ, ಕಾಲು ಚಮಚ ಆರ್ಟೀಮಿಯಾದ ಒಣ ಮೊಟ್ಟೆ ಉದುರಿಸಿ, ಗಾಳಿ ಗುಳ್ಳೆ ಜೋರಾಗಿ ಬಿಡಿ. ನಮ್ಮ ಬಿಸಿಗೆ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನದಲ್ಲಿ ಕಿತ್ತಳೆ ಬಣ್ಣದ ಜೀವಿಗಳು ಏಳುತ್ತವೆ. ತೆಳು ಬಟ್ಟೆಯಲ್ಲಿ ಸೋಸಿ, ಸಿಹಿ ನೀರಲ್ಲಿ ತೊಳೆದು ಹಾಕಿ. ಅದನ್ನು ತಿಂದ ಮರಿಯ ಹೊಟ್ಟೆ ಕುಂಕುಮದ ಬೊಟ್ಟಿನಂತೆ ಕಾಣುತ್ತದೆ.

ತಿಂಗಳು ತುಂಬುತ್ತಿದ್ದಂತೆ ಗಂಡು ಮರಿಗಳ ರೆಕ್ಕೆ ಚೂಪಾಗಲು ಶುರು. ಆಗಲೇ ಬೇರೆ ಮಾಡಿ, ಇಲ್ಲದಿದ್ದರೆ ಒಡಹುಟ್ಟುಗಳಲ್ಲೇ ಮರಿಯಾಗುತ್ತದೆ. ಒಂದೆರಡು ತಲೆಮಾರಿಗೊಮ್ಮೆ ಬೇರೆ ಮನೆಯ ಗಂಡು ತಂದು ಬಿಟ್ಟರೆ ತಳಿ ಗಟ್ಟಿಯಾಗಿರುತ್ತದೆ.

ಮರಿ ಜಾಸ್ತಿಯಾದರೆ

ಆಗೇ ಆಗುತ್ತವೆ. 50 ಲೀಟರಿಗೆ ದೊಡ್ಡ ಗಪ್ಪಿ ಹದಿನೈದರ ಮೇಲೆ ಬೇಡ, ಮೋಲಿಯಾದರೆ ಇನ್ನೂ ಕಡಿಮೆ. ಉಳಿದದ್ದನ್ನು ಕೆರೆಗೆ, ಬಾವಿಗೆ, ಹೊಳೆಗೆ ಬಿಡಬೇಡಿ. ಕೃಷ್ಣೆ, ಭೀಮೆ, ಘಟಪ್ರಭೆಯ ಮೀನುಗಳಿಗೆ ಇವು ಹೊರಗಿನವು. ಅವುಗಳ ಮೊಟ್ಟೆ, ಮರಿ ತಿನ್ನುತ್ತವೆ, ರೋಗವನ್ನೂ ದಾಟಿಸುತ್ತವೆ.

ಅಂಗಡಿಯವರು ಕೆಲವರು ತೆಗೆದುಕೊಳ್ಳುತ್ತಾರೆ. ಓಣಿಯ ಮಕ್ಕಳು ಕೇಳಿಯೇ ಕೇಳುತ್ತಾರೆ, ಆದರೆ ಅವರ ಟ್ಯಾಂಕ್ ಪಳಗಿದ ಮೇಲೆಯೇ ಕೊಡಿ. ಕೊಡುವ ಹಿಂದಿನ ದಿನ ಮೀನಿಗೆ ಊಟ ಹಾಕಬೇಡಿ, ದಾರಿಯಲ್ಲಿ ನೀರು ಕೆಡುವುದಿಲ್ಲ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಮನೆ ಮುಟ್ಟಿದ ಮೇಲೆ ಕಟ್ಟಿದ ಚೀಲವನ್ನು ಹೊಸ ಟ್ಯಾಂಕಿನ ಮೇಲೆ 20 ನಿಮಿಷ ತೇಲಿ ಬಿಡಿ. ಆಮೇಲೆ ಬಾಯಿ ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕಿನ ನೀರು ಚೀಲಕ್ಕೆ ಸೇರಿಸಿ. ನಾಲ್ಕೈದು ಸಲ ಆದ ಮೇಲೆ ಬಲೆಯಿಂದ ಮೀನನ್ನು ಮಾತ್ರ ಟ್ಯಾಂಕಿಗೆ ಬಿಡಿ, ಚೀಲದ ನೀರನ್ನು ಹೊರಗೆ ಚೆಲ್ಲಿ. ಆ ದಿನ ಲೈಟ್ ಹಚ್ಚಬೇಡಿ.