ಗುಡ್ಡದ ಬೆಂಕಿ ಮಾವಿನ ತೋಟಕ್ಕೆ ಇಳಿಯದ ಹಾಗೆ

ಶ್ರೀನಿವಾಸಪುರದ ಕಡೆ ನಮ್ಮ ಮಾವಿನ ತೋಟ. ಒಂದು ಮಗ್ಗುಲಿಗೆ ಕಲ್ಲುಗುಡ್ಡ, ಇನ್ನೊಂದು ಮಗ್ಗುಲಿಗೆ ಪಕ್ಕದವರ ನೀಲಗಿರಿ ತೋಪು. ಶಿವರಾತ್ರಿ ಹೊತ್ತಿಗೆ ಗುಡ್ಡದಲ್ಲಿ ಹೊಗೆ ಕಾಣಿಸುತ್ತದೆ. ಆಗ ಕೊಡ ಹಿಡಿದು ಓಡಿ ಪ್ರಯೋಜನ ಇಲ್ಲ. ರಾಗಿ ಕೊಯ್ಲು ಮುಗಿದ ಕೂಡಲೇ, ಸಂಕ್ರಾಂತಿಗೆ ಮೊದಲೇ ಕೆಲಸ ಶುರುವಾಗಬೇಕು.

ನಮ್ಮ ಕಡೆ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗುಡ್ಡದ ಹುಲ್ಲು ಸೊಂಟದೆತ್ತರ ಆಗುತ್ತದೆ. ಜನವರಿ ಬಂತೆಂದರೆ ಹನಿ ಬೀಳುವುದೇ ಅಪರೂಪ. ಒಳ್ಳೆ ಮಳೆಯಾದ ವರ್ಷ ‘ಈ ಸಲ ಭಯ ಇಲ್ಲ’ ಅಂತಾರೆ. ಉಲ್ಟಾ ಸ್ವಾಮಿ, ಆ ವರ್ಷವೇ ಉರಿಯುವ ಸರಕು ಜಾಸ್ತಿ. ಸೆಕೆಯೂ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಮಳೆಯಿಲ್ಲದ ದಿನಗಳಲ್ಲಿ ಅಂಥ ಗಾಳಿ ಹುಲ್ಲು, ತರಗು, ಮಣ್ಣಿನ ಪಸೆಯನ್ನು ಇನ್ನೂ ಜಾಸ್ತಿ ಎಳೆಯುತ್ತದೆ.

ಆದರೆ ಬಿಸಿಲು ಕಡ್ಡಿ ಗೀರುವುದಿಲ್ಲ, ಅಲ್ವಾ? ಬದು ಸುಡುವವರು, ಬೀಡಿ ಎಸೆಯುವವರು, ಗುಡ್ಡದ ಮೇಲೆ ಅಡುಗೆ ಮಾಡಿ ಒಲೆ ಆರಿಸದೆ ಬರುವ ಹುಡುಗರು, ಹೊಸ ಹುಲ್ಲು ಬರಲಿ ಅಂತ ಬೆಂಕಿ ಇಡುವವರು, ಎಲ್ಲ ನಮ್ಮವರೇ. ಹುಲ್ಲಿನ ಬುಡ ಸಾಯದ ಕಾರಣ ಚಿಗುರು ಬರುವುದೇನೋ ನಿಜ. ಮೊದಲ ಜೋರು ಮಳೆಗೆ ಬೋಳುಗುಡ್ಡದ ಮಣ್ಣು ಕೆರೆ ಸೇರುವುದೂ ಅಷ್ಟೇ ನಿಜ.

ನಮ್ಮತ್ತೆ ಮಾಡುವ ಪರೀಕ್ಷೆ ನೀವೂ ಮಾಡಿ. ಮಧ್ಯಾಹ್ನದ ಊಟ ಆದ ಮೇಲೆ ಬದುವಿನಿಂದ ಒಣಹುಲ್ಲಿನ ಕಡ್ಡಿ ಕಿತ್ತು ಮಡಚಿ. ಬಾಗಿದರೆ ಪಸೆ ಇದೆ. ಲಟಕ್ಕನೆ ಮುರಿದರೆ ಅವತ್ತು ತೋಟದಲ್ಲಿ ಒಲೆ, ಬೀಡಿ, ಕಸ ಸುಡುವುದು ಎಲ್ಲ ಬಂದ್. ಬೆಳಗ್ಗೆ ನೋಡಿ ಮೋಸ ಹೋಗಬೇಡಿ. ಇಬ್ಬನಿ ಕುಡಿದ ಹುಲ್ಲು ಬಿಸಿಲಿಗೆ ಒಂದೆರಡು ಗಂಟೆಯಲ್ಲೇ ಗರಿಗರಿ ಆಗುತ್ತದೆ.

ಗುಡ್ಡದ ಕಡೆಯ ಬದುವಿನುದ್ದಕ್ಕೂ 10–12 ಅಡಿ ಅಗಲ, ಬರೀ ಮಣ್ಣು ಕಾಣುವ ಹಾಗೆ ಟ್ರ್ಯಾಕ್ಟರ್ ಹೊಡೆಸಿ. ಹುಲ್ಲು ಕೊಯ್ದು ಅಲ್ಲೇ ಬಿಟ್ಟರೆ ಕೂಲಿ ದಂಡ. ಅದರಾಚೆಯ ಹುಲ್ಲನ್ನು ಡಿಸೆಂಬರ್‌ನಲ್ಲೇ ಕುರಿಯವರಿಗೆ ಹೇಳಿ ಮೇಯಿಸಿ. ಬೆಂಕಿ ಬಿದ್ದಾಗೆಲ್ಲ ಅವರನ್ನೇ ಬೈಯುತ್ತೇವೆ, ಅವರ ಕುರಿ ಮಾಡುವ ಈ ಉಪಕಾರ ಮಾತ್ರ ಯಾರೂ ಹೇಳಲ್ಲ.

ನೀಲಗಿರಿ ಪಕ್ಕ ಇಷ್ಟು ಸಾಲದು. ಎಲೆಯಲ್ಲಿ ಎಣ್ಣೆ, ಸುಲಿದ ತೊಗಟೆ ಉರಿಯುತ್ತಲೇ ಗಾಳಿಗೆ ಹಾರಿ ಬರುತ್ತದೆ. ನಾವು ಆ ಕಡೆ ಎರಡರಷ್ಟು ಅಗಲ ಬಿಟ್ಟಿದ್ದೇವೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ. ಹಳೆಯವು ಕಡಿದಷ್ಟೂ ಬುಡದಿಂದ ಚಿಗುರುತ್ತವೆ, ಏನು ಮಾಡೋಣ!

ಮಾವಿನ ತರಗು ಸುಡಬೇಡಿ. ಒಳಗಿನ ಸಾಲುಗಳ ಬುಡಕ್ಕೆ ಹಾಕಿ, ಅಂಚಿನ ಎರಡು ಸಾಲಿನ ಕೆಳಗೆ ಮಾತ್ರ ನೆಲ ಗುಡಿಸಿದಂತಿರಲಿ. ಹೂ ಬಿಟ್ಟ ಮರಕ್ಕೆ ಬೆಂಕಿ ತಾಗಲೇಬೇಕೆಂದಿಲ್ಲ, ಝಳಕ್ಕೇ ಹೂಗೊಂಚಲು ಕರಕಲಾಗುತ್ತದೆ. ಔಷಧಿ ಹೊಡೆಯಲು ಬರುವವರಿಗೆ ಬೀಡಿ ಸೇದಬೇಡಿ ಅಂದರೆ ಮರೆಯಲ್ಲಿ ಸೇದುತ್ತಾರೆ. ಪಂಪ್ ಮನೆ ಹತ್ತಿರ ಒಂದು ಹಳೇ ಮಡಕೆಗೆ ಮರಳು ತುಂಬಿಟ್ಟು, ‘ಇಲ್ಲೇ ಕೂತು ಸೇದಿ, ಇದರಲ್ಲೇ ಹಾಕಿ’ ಅನ್ನಿ.

ಇಷ್ಟಾಗಿಯೂ ಬೆಂಕಿ ಬಂದರೆ ಮೊದಲು 112ಕ್ಕೆ ಫೋನ್ ಮಾಡಿ. ಬೆಂಕಿಗಿಂತ ಮೇಲೆ, ಇಳಿಜಾರಿನಲ್ಲಿ ಮಾತ್ರ ನಿಲ್ಲಬೇಡಿ. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸುವುದರಿಂದ ಅದು ಏರುವಾಗ ನಮಗಿಂತ ಜೋರಾಗಿ ಓಡುತ್ತದೆ. ಮೊಳಕಾಲಿಗಿಂತ ಎತ್ತರದ ಉರಿಗೆ ಹತ್ತಿರ ಹೋಗಬೇಡಿ. ಸಣ್ಣ ಉರಿಯಾದರೆ ಹಿಂದಿನಿಂದ, ಪಕ್ಕದಿಂದ ಹಸಿ ಹೊಂಗೆ ಸೊಪ್ಪಿನಲ್ಲಿ ಬಡಿಯಿರಿ.

ಆರಿದ ಮೇಲೆ ಮನೆಗೆ ಹೋಗಿ ಮಲಗುವ ಹಾಗಿಲ್ಲ. ಒಣಗಿದ ಸೆಗಣಿ, ಹಳೇ ಬೊಡ್ಡೆ ಒಳಗೊಳಗೇ ಉರಿಯುತ್ತಿರುತ್ತವೆ, ಮಾರನೇ ದಿನದ ಗಾಳಿಗೆ ಮತ್ತೆ ಹೊತ್ತಿಕೊಳ್ಳುತ್ತವೆ. ಅಂಗೈ ಹಿಂಭಾಗ ಹತ್ತಿರ ಹಿಡಿದು ನೋಡಿ. ಬಿಸಿ ಅನ್ನಿಸಿದರೆ ಗುದ್ದಲಿಯಲ್ಲಿ ಒಡೆದು ನೀರು ಹಾಕಿ, ಕಲಸಿ, ಮತ್ತೊಮ್ಮೆ ಹಾಕಿ.