ಮನೆಯ ಬಿಯರ್ ಸ್ಟ್ರಾಂಗ್ ಆದರೆ ನೀರು ಬೆರೆಸುವುದು ಹೇಗೆ?

ಉರಿ ಜೋರಾಗಿ ನೀರು ಲೆಕ್ಕಕ್ಕಿಂತ ಹೆಚ್ಚು ಆವಿಯಾದರೆ, 20 ಲೀಟರ್ ಸಿಗಬೇಕಿದ್ದ ವರ್ಟ್, ಅಂದರೆ ಮಾಲ್ಟಿನ ಸಿಹಿ ರಸ, 16 ಲೀಟರಿಗೆ ಇಳಿಯುತ್ತದೆ. ರಸ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರ್ 1.052 ತೋರಿಸಬೇಕಾದ ಕಡೆ 1.065 ತೋರಿಸುತ್ತದೆ. ಹಾಗೇ ಬಿಟ್ಟರೆ ಆಲ್ಕೋಹಾಲ್ ಸುಮಾರು 5.2% ಇರಬೇಕಾದದ್ದು 6.5% ಆಗುತ್ತದೆ, ಕಹಿಯೂ ಏರುತ್ತದೆ. ನೀರು ಸೇರಿಸಿ ಇದನ್ನು ಸರಿಪಡಿಸಬಹುದು. ದೊಡ್ಡ ಬ್ರೂವರಿಗಳಲ್ಲಿ ಗಟ್ಟಿಯಾಗಿ ಹುದುಗಿಸಿ ಕೊನೆಗೆ ನೀರು ಬೆರೆಸುವುದು ಮಾಮೂಲಿ ಕೆಲಸವೇ. ಅಲ್ಲಿ ಬಳಸುವುದು ಆಮ್ಲಜನಕ ತೆಗೆದ ನೀರು. ಮನೆಯಲ್ಲಿ ಎಡವಟ್ಟಾಗುವುದು ಈ ಒಂದು ವಿಷಯದಲ್ಲೇ.

ಮೊದಲಿಗೇ ಒಂದು ಮಾತು. ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ಅಮೆರಿಕದಲ್ಲಿ 1979ರಿಂದ ಫೆಡರಲ್ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ: ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್, ಮಾರುವಂತಿಲ್ಲ. ಈ ಬರಹ ಇರುವುದು ಅಂಥ ಕಡೆ ನೆಲೆಸಿರುವವರಿಗಾಗಿ.

ಎಷ್ಟು ನೀರು?

ಹೈಡ್ರೋಮೀಟರಿನ ಕೊನೆಯ ಎರಡು ಅಂಕಿಗಳನ್ನು ಲೀಟರಿನಿಂದ ಗುಣಿಸಿ: 65 × 16 = 1040. ಬೇಕಾದ ಅಂಕದಿಂದ ಭಾಗಿಸಿ: 1040 ÷ 52 = 20. ಅಂದರೆ 4 ಲೀಟರ್ ನೀರು ಸಾಕು. ಕಹಿಯೂ ಇದೇ ಪ್ರಮಾಣದಲ್ಲಿ ಇಳಿಯುತ್ತದೆ, 40 ಐಬಿಯು (ಬಿಯರಿನ ಕಹಿಯ ಅಳತೆ) ಇದ್ದದ್ದು 32 ಆಗುತ್ತದೆ. ಕಹಿ ಕೊಡುವ ಹಾಪ್ಸ್ ಹೂಗಳನ್ನು ತೂಗಿ ಹಾಕಿದ್ದು 20 ಲೀಟರಿನ ಲೆಕ್ಕಕ್ಕಾದ್ದರಿಂದ, ಅಲ್ಲಿಯವರೆಗೆ ನೀರು ಸೇರಿಸಿದರೆ ಯಾವ ನಷ್ಟವೂ ಇಲ್ಲ. ಅದನ್ನು ದಾಟಿದರೆ ಬಿಯರ್ ಸಪ್ಪೆ, ನೊರೆಯೂ ನಿಲ್ಲುವುದಿಲ್ಲ.

ಯಾವಾಗ?

ಯೀಸ್ಟ್ ಹಾಕುವ ಮೊದಲು ಸೇರಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಆ ಹೊತ್ತಿಗೆ ಯೀಸ್ಟಿಗೂ ಆಮ್ಲಜನಕ ಬೇಕು. ಕುದಿಸಿ ತಣಿಸಿದ ನೀರನ್ನು ಧಾರಾಳವಾಗಿ ಸುರಿಯಬಹುದು.

ತಡವಾಗಿ ಗೊತ್ತಾದರೆ, ನೊರೆ ಉಕ್ಕುತ್ತಿರುವ ಮೊದಲ ಎರಡು ದಿನಗಳೊಳಗೆ ಸೇರಿಸಿ. ಚುರುಕಾಗಿರುವ ಯೀಸ್ಟ್ ಅಲ್ಪಸ್ವಲ್ಪ ಆಮ್ಲಜನಕವನ್ನು ಬೇಗ ಹೀರಿಕೊಳ್ಳುತ್ತದೆ. ನೀರು ಬಿಯರಿನಷ್ಟೇ ಬೆಚ್ಚಗಿರಲಿ. ಫ್ರಿಜ್ಜಿನ ನೀರು ಸುರಿದರೆ ಯೀಸ್ಟ್ ಮುದುಡಿ ತಳ ಸೇರುತ್ತದೆ. ಒಮ್ಮೆಲೇ ಸುರಿದರೆ ಬಿಯರಿನಲ್ಲಿ ಕರಗಿರುವ ಅನಿಲ ಬುಸ್ಸೆಂದು ಮೇಲೆದ್ದು ನೊರೆ ಚೆಲ್ಲುತ್ತದೆ, ಆದ್ದರಿಂದ ಅರ್ಧ ಅರ್ಧ ಲೀಟರಾಗಿ ಬಿಡಿ. ಪಾತ್ರೆಯಲ್ಲಿ ಮೂರ್ನಾಲ್ಕು ಲೀಟರ್ ಜಾಗ ಉಳಿಯುವುದು ಅಗತ್ಯ.

ಇಲ್ಲಿ ಲೆಕ್ಕ ತಪ್ಪುವವರು ಬಹಳ. ನೀರಿನ ಪ್ರಮಾಣ ಕಂಡುಹಿಡಿಯಲು ಆರಂಭದ 65ನ್ನೇ ಹಿಡಿಯಬೇಕು, ಇವತ್ತಿನ ಅಂಕವನ್ನಲ್ಲ. ಇವತ್ತು 1.030 ಇರುವ 16 ಲೀಟರಿಗೆ 4 ಲೀಟರ್ ಸೇರಿಸಿದರೆ ಅಂಕ ಅಲ್ಲೇ 1.024ಕ್ಕೆ ಇಳಿಯುತ್ತದೆ. ಅದು ಯೀಸ್ಟ್ ಮಾಡಿದ ಕೆಲಸವಲ್ಲ. ಹುದುಗು ಮುಗಿಯುತ್ತಾ ಬಂತೆಂದು ಬಾಟಲಿಗೆ ತುಂಬಿದರೆ ಬಾಟಲಿ ಸಿಡಿಯುವ ಅಪಾಯವಿದೆ. ಎರಡು ಮೂರು ದಿನ ಅಂಕ ಬದಲಾಗದೆ ನಿಲ್ಲುವವರೆಗೂ ಕಾಯಿರಿ.

ಹುದುಗು ಮುಗಿದ ಮೇಲೆ

ಈಗ ಆಮ್ಲಜನಕ ಸೇರಿದರೆ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಹಾಪ್ಸ್ ಹೆಚ್ಚಿರುವ ಬಿಯರ್ ಕಂದುಗಟ್ಟುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ನಲ್ಲಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂವರೆಗೆ ಆಮ್ಲಜನಕ ಕರಗಿರುತ್ತದೆ, ಬಿಯರ್ ಕೆಡಲು ಅಷ್ಟು ಧಾರಾಳ ಸಾಕು.

ಮೊದಲು ರುಚಿ ನೋಡಿ. ನಾಲ್ಕು ಲೋಟಗಳಿಗೆ 100 ಮಿಲೀ ಬಿಯರ್ ಅಳೆದು, ಎರಡನೆಯದಕ್ಕೆ 10, ಮೂರನೆಯದಕ್ಕೆ 20, ನಾಲ್ಕನೆಯದಕ್ಕೆ 30 ಮಿಲೀ ಕುದಿಸಿ ತಣಿಸಿದ ನೀರು ಹಾಕಿ. ನೀರುನೀರು ಎನಿಸಿದ ಲೋಟಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲಿ. 25 ಮಿಲೀಗಿಂತ ಹೆಚ್ಚು ಸೇರಿಸಿದ ಬಿಯರ್ ಚೆನ್ನಾಗಿರುವುದು ಅಪರೂಪ.

ಬಾಟಲಿ ತುಂಬುವ ದಿನವೇ ನೀರು ಸೇರಿಸಿ. ಬಿಯರಿನ ಮುಚ್ಚಳ ಒಂದೇ ಸಲ ತೆರೆದಂತಾಗುತ್ತದೆ. ಸ್ಟೀಲ್ ಪಾತ್ರೆಯಲ್ಲಿ 5 ಲೀಟರ್ ನೀರನ್ನು 15 ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು, ಅಲುಗಿಸದೆ ತಣಿಸಿ. ಕುದಿದರೆ ಆಮ್ಲಜನಕ ಬಹುಪಾಲು ಹೋಗುತ್ತದೆ, ಕ್ಲೋರಿನ್ನೂ ಹೋಗುತ್ತದೆ. ಊರಿನ ನೀರಿಗೆ ಕ್ಲೋರಮೈನ್ (ಕ್ಲೋರಿನ್-ಅಮೋನಿಯ ಸೇರಿದ ಸೋಂಕುನಾಶಕ) ಹಾಕುತ್ತಿದ್ದರೆ ಕುದಿಸಿದ್ದು ಸಾಲದು, ಬಿಯರಿಗೆ ಔಷಧಿ ವಾಸನೆ ಹತ್ತುತ್ತದೆ. ಅದನ್ನು ಹೋಗಲಾಡಿಸುವ ಕ್ಯಾಂಪ್ಡೆನ್ ಮಾತ್ರೆ (ಸಲ್ಫೈಟ್ ಮಾತ್ರೆ) ಒಂದು ಸುಮಾರು 75 ಲೀಟರಿಗೆ ಸಾಕಾಗುವುದರಿಂದ, 5 ಲೀಟರಿಗೆ ಅದರ ಪುಡಿ ಒಂದು ಸಣ್ಣ ಚಿಟಿಕೆ ಹಾಕಿದರಾಯಿತು. ಗಡಸು ನೀರಾದರೆ ಬಿಯರಿನ ಹುಳಿ ತಗ್ಗಿ ರುಚಿ ಮಂಕಾಗುತ್ತದೆ. ಆರ್‌ಒ ನೀರು ವಾಸಿ.

ಬಾಟಲಿಯಲ್ಲಿ ಗ್ಯಾಸ್ ಏಳಲು ಹಾಕುವ ಸಕ್ಕರೆಯನ್ನು ಇದೇ ನೀರಿನಲ್ಲಿ ಕುದಿಸಿಬಿಡಿ. 20 ಲೀಟರಿಗೆ ಸಾಮಾನ್ಯವಾಗಿ 120 ಗ್ರಾಂ ಸಕ್ಕರೆ ಬೇಕು. ಆದರೆ ಹುದುಗಿದ ಬಿಯರಿನಲ್ಲಿ ಮೊದಲೇ ಸ್ವಲ್ಪ ಅನಿಲ ಇರುತ್ತದೆ, ಕುದಿಸಿದ ನೀರಿನಲ್ಲಿ ಏನೂ ಇರುವುದಿಲ್ಲ. ಆ ಕೊರತೆ ತುಂಬಲು 130ರಿಂದ 135 ಗ್ರಾಂ ಹಾಕಿ.

ಸ್ಯಾನಿಟೈಸ್ ಮಾಡಿದ ಬಕೆಟ್ಟಿಗೆ ಮೊದಲು 4 ಲೀಟರ್ ಸಕ್ಕರೆ ನೀರು, ಅದರೊಳಗೆ ಬಿಯರ್ ಇಳಿಸುವ ಸೈಫನ್ ಕೊಳವೆಯ ತುದಿ ಮುಳುಗಿರಬೇಕು. ಬಿಯರ್ ತಳದಿಂದ ಸುತ್ತುತ್ತಾ ಏರಿದಂತೆ ತಾನೇ ಬೆರೆಯುತ್ತದೆ. ಕೊನೆಯಲ್ಲಿ ಸೌಟಿನಿಂದ ಒಂದೆರಡು ಸಲ ನಿಧಾನವಾಗಿ ತಿರುವಿದರೆ ಸಾಕು. ಕೊಳವೆಯ ತುದಿ ಮೇಲಿದ್ದು ಜುಳುಜುಳು ಬಿದ್ದರೆ, ಕುದಿಸಿ ತೆಗೆದ ಗಾಳಿಯೆಲ್ಲ ಮತ್ತೆ ಸೇರಿಕೊಳ್ಳುತ್ತದೆ.

ಹುದುಗು ಅರ್ಧಕ್ಕೇ ನಿಂತು ಸಿಹಿ ಉಳಿದ ಬಿಯರಿಗೆ ಮಾತ್ರ ಈ ಕ್ರಮ ಬೇಡ. ನೀರು ಸಿಹಿಯನ್ನು ತೆಳುವಾಗಿಸುತ್ತದೆ, ಸಕ್ಕರೆ ಅಷ್ಟೇ ಇರುತ್ತದೆ. ಪಾತ್ರೆಯನ್ನು ಎರಡು ಮೂರು ಡಿಗ್ರಿ ಬೆಚ್ಚಗೆ ಮಾಡಿ, ಬೇಕಾದರೆ ಹೊಸ ಯೀಸ್ಟ್ ಹಾಕಿ ಹುದುಗು ಮುಗಿಸಿಕೊಂಡು, ಆಮೇಲೆ ನೀರಿನ ಲೆಕ್ಕ ಹಾಕಿ.