ನೆರಳಿನ ಗಿಡಗಳನ್ನು ಚಳಿಗಾಲ ದಾಟಿಸುವುದು

ಶಿಕಾಗೋ ಕಡೆ ಹೆಚ್ಚುಕಡಿಮೆ ಅಕ್ಟೋಬರ್ ನಡುವಿಗೆ ಮೊದಲ ಫ್ರಾಸ್ಟ್, ಅಂದ್ರೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ, ಬೀಳುತ್ತದೆ. ಹೋಸ್ಟಾ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಹಿಮದಡಿ ಮಲಗಿದ್ದು ವಸಂತಕ್ಕೆ ತಾನೇ ಏಳುತ್ತದೆ. ಆದರೆ ಗಡ್ಡೆ ಬೆಗೋನಿಯಾ, ಕ್ಯಾಲೇಡಿಯಂ, ಫ್ಯೂಷಿಯಾ ಹೊರಗೇ ಬಿಟ್ಟರೆ ಹೋದವು ಅಂತಲೇ ಲೆಕ್ಕ. ಒಳಗೆ ತಂದರೂ ಎಲ್ಲವನ್ನೂ ಒಂದೇ ಮೂಲೆಗೆ ತಳ್ಳಬೇಡಿ. ಒಂದಕ್ಕೆ ತಂಪು ಬೇಕು, ಇನ್ನೊಂದು ಬೆಚ್ಚಗಿರಬೇಕು.

ಮೊದಲು ಕೀಳಬೇಕಾದದ್ದು ಕ್ಯಾಲೇಡಿಯಂ. ಇದು ನಮ್ಮ ಕೆಸುವಿನ ಕುಟುಂಬದ್ದು, ಚಳಿ ಅಂದ್ರೆ ಆಗಲ್ಲ. ಫ್ರಾಸ್ಟ್‌ಗೆ ಕಾಯದೆ, ರಾತ್ರಿ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುತ್ತಿದ್ದ ಹಾಗೇ ಗಡ್ಡೆ ಅಗೆದು, ನೆರಳಲ್ಲಿ ಒಣಗಿಸಿ, ಮನೆಯೊಳಗಿನ ಬೀರುವಿನಲ್ಲಿಡಿ. 16ರಿಂದ 21 ಡಿಗ್ರಿ ಇರಬೇಕು. ಗರಾಜ್‌ನಲ್ಲಿಟ್ಟರೆ ಕೊಳೆತುಹೋಗುತ್ತದೆ.

ಬೆಗೋನಿಯಾಗೆ ಅಷ್ಟು ಅವಸರವಿಲ್ಲ. ಹಗುರಾಗಿ ಒಂದು ಫ್ರಾಸ್ಟ್ ಬಿದ್ದು ಎಲೆ ಕಪ್ಪಾಗಲಿ, ಆಮೇಲೆ ನಾಲ್ಕು ಬೆರಳು ಕಾಂಡ ಬಿಟ್ಟು ಕತ್ತರಿಸಿ, ಗಡ್ಡೆಗೆ ಗಾಯವಾಗದ ಹಾಗೆ ದೂರದಿಂದ ಸಲಿಕೆ ಹಾಕಿ ಎಬ್ಬಿಸಿ. ಉಳಿದ ಆ ಕಾಂಡವನ್ನು ಯಾವ ಕಾರಣಕ್ಕೂ ಕಿತ್ತೆಳೆಯಬೇಡಿ! ಗಾಳಿಯಾಡುವ ಕಡೆ ಪೇಪರ್ ಮೇಲೆ ಹರಡಿಟ್ಟರೆ ಎರಡು ಮೂರು ವಾರದಲ್ಲಿ ಸೊರಗಿ, ಬೆರಳು ತಾಕಿಸಿದರೆ ಸಾಕು, ತಾನಾಗೇ ಕಳಚಿಕೊಳ್ಳುತ್ತದೆ. ಕೆಳಗೆ ಒಣಗಿದ ಗಾಯದ ಗುರುತು ಕಾಣುತ್ತದೆ. ಹಸಿಯಿರುವಾಗಲೇ ಎಳೆದರೆ ಕೊಳೆ ಶುರುವಾಗುವುದು ಅಲ್ಲಿಂದಲೇ. ಆಮೇಲೆ ಒಣ ಪೀಟ್ ಮಾಸ್‌ನಲ್ಲಿ (ನರ್ಸರಿಯಲ್ಲಿ ಸಿಗುವ ಒಣಗಿದ ಪಾಚಿಯ ಪುಡಿ) ಒಂದಕ್ಕೊಂದು ತಾಗದಂತೆ ಹೂತು, ಬೇಸ್‌ಮೆಂಟ್‌ನ ತಣ್ಣಗಿನ ಮೂಲೆಯಲ್ಲಿ 5ರಿಂದ 10 ಡಿಗ್ರಿಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಳಗೆ ಬೆವರುತ್ತದೆ. ಕಾಗದದ ಚೀಲವೇ ಸರಿ. ಮೇಲೆ ಹೂವಿನ ಬಣ್ಣ ಬರೆದಿಡಿ, ಗಡ್ಡೆ ನೋಡಿ ಗುರುತು ಸಿಗೋದಿಲ್ಲ ಅಲ್ವಾ. ತಿಂಗಳಿಗೊಮ್ಮೆ ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಎಸೆಯಿರಿ.

ಫ್ಯೂಷಿಯಾನ ಕುಂಡದ ಸಮೇತ ಅದೇ ತಂಪು ಜಾಗಕ್ಕೆ ಇಳಿಸಬಹುದು. ಅರ್ಧಕ್ಕೆ ಕತ್ತರಿಸಿ ಎಲೆಯೆಲ್ಲ ತೆಗೆದುಬಿಡಿ, ಬಿಳಿನೊಣ ಜೊತೆಗೆ ಬರುವುದು ತಪ್ಪುತ್ತದೆ. ಕತ್ತಲಿದ್ದರೂ ಪರವಾಗಿಲ್ಲ. ಮೂರ್ನಾಲ್ಕು ವಾರಕ್ಕೊಮ್ಮೆ ಒಂದು ಲೋಟ ನೀರು ಸಾಕು, ಬೇರು ಪೂರ್ತಿ ಒಣಗಬಾರದು ಅಷ್ಟೇ. ಪಾಪ ಅಂತ ಜಾಸ್ತಿ ಹುಯ್ದರೆ ಬೇರು ಕೊಳೆಯುತ್ತದೆ, ಚಳಿಗಾಲದಲ್ಲಿ ಒಳಗಿಟ್ಟ ಗಿಡಗಳು ಎಷ್ಟೋ ಸಲ ಸಾಯುವುದು ಈ ಅಕ್ಕರೆಯಿಂದಲೇ.

ಬಣ್ಣದೆಲೆಯ ಕೋಲಿಯಸ್‌ಗೆ ಈ ನಿದ್ದೆಯೆಲ್ಲ ಗೊತ್ತಿಲ್ಲ. ಸೆಪ್ಟೆಂಬರ್‌ನಲ್ಲೇ ತುದಿ ಮುರಿದು ನೀರಿನ ಲೋಟದಲ್ಲಿಟ್ಟರೆ ಬೇರು ಬಿಡುತ್ತದೆ. ಕುಂಡಕ್ಕೆ ಹಾಕಿ ಬೆಳಕಿರುವ ಕಿಟಕಿ ಹತ್ತಿರ ಇಟ್ಟುಕೊಳ್ಳಿ.

ಮಾರ್ಚ್‌ನಲ್ಲಿ ಬೆಗೋನಿಯಾ ಗಡ್ಡೆಯ ಗುಳಿಯಲ್ಲಿ ಗುಲಾಬಿ ಬಣ್ಣದ ಸಣ್ಣ ಮೊಳಕೆ ಕಾಣುತ್ತದೆ. ಆ ಗುಳಿ ಮೇಲೆ ಬರುವಂತೆ ಕುಂಡದಲ್ಲಿ ನೆಡಿ, ಗುಳಿಯೊಳಗೆ ಮಾತ್ರ ನೀರು ನಿಲ್ಲಬಾರದು. ಫ್ಯೂಷಿಯಾನೂ ಆಗಲೇ ಬೆಳಕಿಗೆ ತನ್ನಿ. ಮೇ ನಡುವೆ ಫ್ರಾಸ್ಟ್ ಭಯ ಕಳೆದ ಮೇಲೆ ಹಗಲು ಹೊರಗೆ, ರಾತ್ರಿ ಒಳಗೆ ಮಾಡಿ ಒಂದು ವಾರ ಅಭ್ಯಾಸ ಮಾಡಿಸಿ ಹೊರಗೆ ನೆಡಿ. ಕ್ಯಾಲೇಡಿಯಂ ಮಾತ್ರ ಜೂನ್‌ಗೆ. ಅಂಗಡಿಯವರು ಏಪ್ರಿಲ್‌ನಲ್ಲೇ ಮಾರಲಿ, ಮಣ್ಣು ಬೆಚ್ಚಗಾಗದೆ ಅದು ಏಳುವುದಿಲ್ಲ.